ಸೆಲ್ ನೊಟೇಶನ್ ನೋಡಿ ವೋಲ್ಟೇಜ್ ಕಂಡುಹಿಡಿಯೋದು ಹೇಗೆ? ನಂಗೆ ಪ್ರತಿ ಸಲ –0.42 ಬರ್ತಿದೆ

ದ್ವಿತೀಯ ಪಿಯು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂನಲ್ಲಿ ಓದಿದೀನಿ, ಈಗ ಸೈನ್ಸ್. ಎಲೆಕ್ಟ್ರೋಕೆಮಿಸ್ಟ್ರಿ ಪಾಠ ಶುರುವಾಗಿ ಎರಡು ವಾರ ಆಯ್ತು. ಸೆಲ್ ನೊಟೇಶನ್, ಅಂದ್ರೆ ಸೆಲ್ಲನ್ನ ಒಂದೇ ಸಾಲಲ್ಲಿ ಬರೆಯೋ ರೀತಿ, ಅದರ ಈ ಲೆಕ್ಕದಲ್ಲೇ ಸಿಕ್ಕಿಹಾಕಿಕೊಂಡಿದೀನಿ:

ಜಿಂಕ್ | ಜಿಂಕ್²⁺ (1 ಎಂ) || ಕಾಪರ್²⁺ (1 ಎಂ) | ಕಾಪರ್

1 ಎಂ ಅಂದ್ರೆ ಲೀಟರಿಗೆ ಒಂದು ಮೋಲ್. ಎಲೆಕ್ಟ್ರೋಡ್ ವಿಭವದ (ಪೊಟೆನ್ಶಿಯಲ್) ಪಟ್ಟಿಯಲ್ಲಿ ಜಿಂಕ್‌ಗೆ –0.76 ವೋಲ್ಟ್, ಕಾಪರ್‌ಗೆ +0.34 ವೋಲ್ಟ್ ಅಂತಿದೆ. ಜಿಂಕ್ ಆಕ್ಸಿಡೇಶನ್ ಆಗುತ್ತೆ (ಎಲೆಕ್ಟ್ರಾನ್ ಬಿಡುತ್ತೆ), ಅದಕ್ಕೆ ಚಿಹ್ನೆ ಬದಲಾಯಿಸಿ +0.76 ಮಾಡ್ಕೊಂಡೆ. ಆಮೇಲೆ ಕ್ಯಾಥೋಡ್ ಕಳೆ ಆನೋಡ್ ಅಂತ 0.34 – 0.76 = –0.42 ಬರೆದೆ. ಉತ್ತರ 1.10 ಅಂತೆ. ಎಲ್ಲಿ ತಪ್ಪಿದೆ?

ಇನ್ನೊಂದು ಸಂಶಯ ಇದೆ. ಹತ್ತನೇ ಕ್ಲಾಸಲ್ಲಿ ಆನೋಡ್ ಅಂದ್ರೆ ಧನಾಗ್ರ ಅಂತ ಓದಿದ್ವಿ. ಇಲ್ಲಿ ಆನೋಡ್ ಮೈನಸ್ ಅಂತಾರೆ. ಯಾವುದನ್ನ ನಂಬಬೇಕು?

ಹೊಸದುರ್ಗ, ಸಿಇಟಿ ತಯಾರಿ

ಸಿಂಪಲ್. ದೊಡ್ಡ ನಂಬರಿಂದ ಚಿಕ್ಕ ನಂಬರ್ ಕಳಿ. 0.34 – (–0.76) = 1.10. ಮೈನಸ್ ಬಂದ್ರೆ ಉತ್ತರ ತಪ್ಪು ಅಂತಾನೇ ಅರ್ಥ. ನಾನು ಹೀಗೇ ಮಾಡೋದು, ಎಲ್ಲಾ ಸರಿ ಬಂದಿದೆ.

ದುರ್ಗದ ಕೆಮಿಸ್ಟ್ರಿ ಮೇಷ್ಟ್ರು

ತಂಗಿ, ನಿನ್ನ ತಪ್ಪು ಬಹಳ ಜನ ಮಾಡುವ ತಪ್ಪು. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಇದನ್ನೇ ನೋಡುತ್ತೇನೆ. ಚಿಹ್ನೆಯನ್ನು ನೀನು ಎರಡು ಸಲ ತಿರುಗಿಸಿದ್ದೀಯ. ಒಮ್ಮೆ ಕೈಯಾರೆ –0.76 ಅನ್ನು +0.76 ಮಾಡಿದೆ. ಇನ್ನೊಮ್ಮೆ ಸೂತ್ರದಲ್ಲಿರುವ ‘ಕಳೆ’ ಅನ್ನುವ ಗುರುತು ಅದೇ ಕೆಲಸ ಮಾಡಿತು. ಒಂದೇ ಸಲ ಆಗಬೇಕಾದ ಕೆಲಸ ಎರಡು ಸಲ ಆಯಿತು.

ಪಟ್ಟಿಯಲ್ಲಿರುವುದೆಲ್ಲ ರಿಡಕ್ಷನ್ ವಿಭವ, ಅಂದರೆ ಎಲೆಕ್ಟ್ರಾನ್ ಪಡೆಯುವ ಒಲವಿನ ಅಳತೆ. ಅದನ್ನು ಮುಟ್ಟಬೇಡ, ಇದ್ದ ಹಾಗೇ ತೆಗೆದುಕೋ. ಆಮೇಲೆ ಬಲಗಡೆಯದರಿಂದ ಎಡಗಡೆಯದನ್ನು ಕಳಿ.

ಇ ಸೆಲ್ = ಇ ಬಲ – ಇ ಎಡ = 0.34 – (–0.76) = 1.10 ವೋಲ್ಟ್

ಈಗ ನೊಟೇಶನ್ ಓದುವ ರೀತಿ. ಅದನ್ನು ಒಂದು ವಾಕ್ಯದ ಹಾಗೆ ಎಡದಿಂದ ಬಲಕ್ಕೆ ಓದು. ‘ಜಿಂಕ್ ಲೋಹ ಕರಗಿ ಜಿಂಕ್ ಅಯಾನ್ ಆಗುತ್ತದೆ, ಸೇತುವೆ ದಾಟಿದರೆ ಕಾಪರ್ ಅಯಾನ್ ಕಾಪರ್ ಲೋಹವಾಗಿ ಕೂರುತ್ತದೆ.’ ಒಂಟಿ ಗೆರೆ ಅಂದರೆ ಲೋಹವೂ ದ್ರಾವಣವೂ ತಾಗುವ ಜಾಗ. ಜೋಡಿ ಗೆರೆ ಅಂದರೆ ಎರಡು ದ್ರಾವಣಗಳನ್ನು ಜೋಡಿಸುವ ಉಪ್ಪಿನ ಸೇತುವೆ (ಸಾಲ್ಟ್ ಬ್ರಿಡ್ಜ್). ಓದಿದ ಕ್ರಮದಲ್ಲೇ ಅರ್ಧ ಕ್ರಿಯೆಗಳು ಸಿಗುತ್ತವೆ:

ಎಡ: ಜಿಂಕ್ → ಜಿಂಕ್²⁺ + 2 ಎಲೆಕ್ಟ್ರಾನ್
ಬಲ: ಕಾಪರ್²⁺ + 2 ಎಲೆಕ್ಟ್ರಾನ್ → ಕಾಪರ್

ಧನಾಗ್ರದ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಓದಿ ಬಂದ ಮಕ್ಕಳನ್ನು ಈ ಪದ ನಿಜಕ್ಕೂ ದಾರಿ ತಪ್ಪಿಸುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹತ್ತನೇ ತರಗತಿಯಲ್ಲಿ ನೀನು ನೋಡಿದ್ದು ಹೊರಗಿನಿಂದ ಬ್ಯಾಟರಿ ಕೊಟ್ಟು ನಡೆಸುವ ವಿದ್ಯುದ್ವಿಭಜನೆ. ಅಲ್ಲಿ ಆನೋಡನ್ನು ಬ್ಯಾಟರಿಯ ಪ್ಲಸ್ಸಿಗೆ ಜೋಡಿಸುತ್ತೇವೆ, ಅದಕ್ಕೆ ಧನಾಗ್ರ ಅಂದರೆ ಸರಿಯೇ. ಇಲ್ಲಿ ಸೆಲ್ಲೇ ವಿದ್ಯುತ್ತು ಕೊಡುತ್ತದೆ. ಜಿಂಕ್ ಎಲೆಕ್ಟ್ರಾನ್ ಬಿಟ್ಟುಕೊಡುವುದರಿಂದ ಆ ಕಡ್ಡಿ ಮೈನಸ್. ಎರಡೂ ಕಡೆ ಬದಲಾಗದೆ ಉಳಿಯುವ ಮಾತು ಒಂದೇ: ಉತ್ಕರ್ಷಣ (ಆಕ್ಸಿಡೇಶನ್) ಎಲ್ಲಿ ನಡೆಯುತ್ತದೋ ಅದು ಆನೋಡ್. ಆನೋಡ್, ಆಕ್ಸಿಡೇಶನ್, ಎರಡೂ ‘ಆ’ದಿಂದಲೇ ಶುರು. ಈ ಪಾಠ ಮುಗಿಯುವವರೆಗೆ ಧನಾಗ್ರ, ಋಣಾಗ್ರ ಅನ್ನುವ ಪದಗಳನ್ನು ಪಕ್ಕಕ್ಕಿಡು.

ಹೊಸದುರ್ಗದ ತಮ್ಮಾ, ‘ಮೈನಸ್ ಬಂದರೆ ತಪ್ಪು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆಯಲ್ಲಿ ಹೀಗೆ ಕೊಟ್ಟರೆ?

ಕಾಪರ್ | ಕಾಪರ್²⁺ || ಜಿಂಕ್²⁺ | ಜಿಂಕ್

ಬಲ ಕಳೆ ಎಡ: –0.76 – 0.34 = –1.10. ಇದೇ ಸರಿಯಾದ ಉತ್ತರ. ಬರೆದ ದಿಕ್ಕಿನಲ್ಲಿ ಕ್ರಿಯೆ ತಾನಾಗಿ ನಡೆಯುವುದಿಲ್ಲ ಅಂತ ಆ ಮೈನಸ್ ಹೇಳುತ್ತಿದೆ. ನೀನು ದೊಡ್ಡದರಿಂದ ಚಿಕ್ಕದನ್ನು ಕಳೆದು 1.10 ಅಂತ ಬರೆದರೆ, ‘ಈ ಕ್ರಿಯೆ ತಾನಾಗಿ ನಡೆಯುತ್ತದೆಯೇ’ ಅನ್ನುವ ಮುಂದಿನ ಪ್ರಶ್ನೆಯೂ ತಪ್ಪುತ್ತದೆ.

ಹೊಸದುರ್ಗ, ಸಿಇಟಿ ತಯಾರಿ

ಸರ್, ಒಪ್ಪಿದೆ. ಆದ್ರೆ ಅಣ್ಣನ ಹಳೇ ಗೈಡಲ್ಲಿ ‘ಇ ಆಕ್ಸಿಡೇಶನ್ + ಇ ರಿಡಕ್ಷನ್’ ಅಂತ ಕೂಡಿಸಿದಾರೆ. ಅದು ತಪ್ಪಾ?

ದುರ್ಗದ ಕೆಮಿಸ್ಟ್ರಿ ಮೇಷ್ಟ್ರು

ತಪ್ಪಲ್ಲ. 0.76 + 0.34 = 1.10, ಉತ್ತರ ಅದೇ. ಚಿಹ್ನೆ ತಿರುಗಿಸಿದರೆ ಕೂಡಿಸಬೇಕು, ತಿರುಗಿಸದಿದ್ದರೆ ಕಳೆಯಬೇಕು. ನಮ್ಮ ತಂಗಿ ಒಂದು ಪದ್ಧತಿಯ ಮೊದಲರ್ಧವನ್ನೂ ಇನ್ನೊಂದರ ಎರಡನೇ ಅರ್ಧವನ್ನೂ ಸೇರಿಸಿದ್ದಾಳೆ. ಹಿಂದೆ ಅಮೆರಿಕದ ಅನೇಕ ಪುಸ್ತಕಗಳಲ್ಲಿ ಆಕ್ಸಿಡೇಶನ್ ವಿಭವವನ್ನೇ ಪಟ್ಟಿ ಮಾಡುತ್ತಿದ್ದರು, ಯುರೋಪಿನಲ್ಲಿ ಬೇರೆ ರೂಢಿ. ಈ ಗೊಂದಲ ಬಗೆಹರಿಸಲು 1953ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಐಯುಪಿಎಸಿ (ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ) ಒಂದು ಒಪ್ಪಂದಕ್ಕೆ ಬಂತು. ಪಟ್ಟಿಯಲ್ಲಿ ರಿಡಕ್ಷನ್ ವಿಭವ, ಸೆಲ್ಲಿಗೆ ಬಲ ಕಳೆ ಎಡ. ಈಗಿನ ಪಠ್ಯವೆಲ್ಲ ಅದರ ಪ್ರಕಾರವೇ ಇದೆ. ಪರೀಕ್ಷೆಯ ಒತ್ತಡದಲ್ಲಿ ಎರಡು ಪದ್ಧತಿ ತಲೆಯಲ್ಲಿದ್ದರೆ ಬೆರಕೆಯಾಗುತ್ತವೆ. ಒಂದನ್ನೇ ಹಿಡಿ.

ಚನ್ನಗಿರಿ ಅಡಿಕೆ ತೋಟ

ನಾನು ಓದಿದ್ದು ಪಿಯುಸಿ ತನಕ. ಆದ್ರೂ ನೀವು ಹೇಳೋದು ನಮ್ಮ ತೋಟದಾಗ ದಿನಾ ನಡೆಯೋ ಕೆಲಸ ಅನ್ಸಿತು, ಅದಕ್ಕೇ ಬರೀತಿದೀನಿ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸ್ತೀವಲ್ಲ, ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ (ಕಾಪರ್ ಸಲ್ಫೇಟು), ಒಂದು ಕೇಜಿ ಸುಣ್ಣ. ಕಲಸಿದ ಮೇಲೆ ಹದ ಆಗೈತೋ ಇಲ್ವೋ ನೋಡಾಕೆ ನಮ್ಮಪ್ಪ ಕುಡುಗೋಲನ್ನ ಚೆನ್ನಾಗಿ ತಿಕ್ಕಿ, ದ್ರಾವಣದಾಗ ಸ್ವಲ್ಪ ಹೊತ್ತು ಅದ್ದಿ ಎತ್ತತಿದ್ರು. ಅಲಗಿನ ಮೇಲೆ ಕೆಂಪಗೆ ತುಕ್ಕಿನ ಬಣ್ಣ ಕೂತ್ರೆ ಸುಣ್ಣ ಸಾಲದು, ಇನ್ನೊಂದಿಷ್ಟು ಹಾಕು ಅಂತಿದ್ರು. ಅಲಗು ಬೆಳ್ಳಗೇ ಇದ್ರೆ ಹೊಡೀಬಹುದು. ಕಬ್ಬಿಣದ ಡ್ರಮ್ಮಿನಾಗ ಕಲಸಬ್ಯಾಡ್ರಿ ಅಂತ ಹೇಳೋದೂ ಇದಕ್ಕೇನಾ ಮೇಷ್ಟ್ರೇ?

ದುರ್ಗದ ಕೆಮಿಸ್ಟ್ರಿ ಮೇಷ್ಟ್ರು

ಯಜಮಾನರೇ, ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿಲ್ಲ. ಮನಸ್ಸು ತುಂಬಿ ಬಂತು. ಅಲಗಿನ ಮೇಲೆ ಕೂರುವ ಕೆಂಪು ತುಕ್ಕಲ್ಲ, ತಾಮ್ರ. ನಿಮ್ಮ ತಂದೆಯವರ ಕುಡುಗೋಲನ್ನು ನೊಟೇಶನ್‌ನಲ್ಲಿ ಬರೆದರೆ ಹೀಗೆ:

ಕಬ್ಬಿಣ | ಕಬ್ಬಿಣ²⁺ || ಕಾಪರ್²⁺ | ಕಾಪರ್

ಕಬ್ಬಿಣದ್ದು –0.44, ಕಾಪರ್‌ದು +0.34. ಬಲ ಕಳೆ ಎಡ: 0.34 – (–0.44) = 0.78 ವೋಲ್ಟ್. ಪ್ಲಸ್ ಬಂತು, ತಾನಾಗಿ ನಡೆಯುತ್ತದೆ. ಕಬ್ಬಿಣ ಸ್ವಲ್ಪ ಸ್ವಲ್ಪವೇ ಕರಗುತ್ತದೆ, ತಾಮ್ರ ಅಲಗಿಗೆ ಅಂಟುತ್ತದೆ. ಸುಣ್ಣ ಸಾಕಷ್ಟು ಬಿದ್ದರೆ ಕರಗಿದ ತಾಮ್ರದ ಅಯಾನೆಲ್ಲ ಗಟ್ಟಿಯಾಗಿ ಕೂತುಬಿಡುತ್ತವೆ, ಅಲಗಿಗೆ ಅಂಟಲು ಏನೂ ಉಳಿಯುವುದಿಲ್ಲ. ಕಬ್ಬಿಣದ ಡ್ರಮ್ ಬೇಡ ಅನ್ನುವುದೂ ಇದಕ್ಕೇ. ಡ್ರಮ್ ತೂತಾಗುತ್ತದೆ, ಔಷಧಿಯ ತಾಮ್ರವೂ ಗೋಡೆಗೆ ಹೋಗುತ್ತದೆ.

ಒಂದು ವ್ಯತ್ಯಾಸ ಗಮನಿಸಿ. ಕುಡುಗೋಲಿನಲ್ಲಿ ಎರಡೂ ಅರ್ಧ ಕ್ರಿಯೆ ಒಂದೇ ಅಲಗಿನ ಮೇಲೆ ನಡೆಯುವುದರಿಂದ ಎಲೆಕ್ಟ್ರಾನ್ ಅಲ್ಲಿಂದಲ್ಲಿಗೇ ಕೈ ಬದಲಾಗುತ್ತದೆ. ಅದನ್ನು ತಂತಿಯ ಮೂಲಕ ಸುತ್ತಿ ಬರುವಂತೆ ಮಾಡಲು ಎರಡು ಪಾತ್ರೆ, ನಡುವೆ ಸೇತುವೆ ಬೇಕು. 1836ರಲ್ಲಿ ಡೇನಿಯಲ್ ಮಾಡಿದ್ದು ಇದನ್ನೇ. ಜಿಂಕನ್ನೂ ಕಾಪರ್ ದ್ರಾವಣವನ್ನೂ ನೇರ ತಾಗದಂತೆ ಬೇರೆ ಇಟ್ಟರು.

ದ್ವಿತೀಯ ಪಿಯು, ದಾವಣಗೆರೆ

ಸರ್, ಈಗ ಅರ್ಥ ಆಯ್ತು! ಆದ್ರೆ ಪ್ಲಾಟಿನಂ ಬಂದ್ರೆ ಕೈ ನಡುಗುತ್ತೆ. ಈ ತರ:

ಕಾಪರ್ | ಕಾಪರ್²⁺ || ಕಬ್ಬಿಣ³⁺, ಕಬ್ಬಿಣ²⁺ | ಪ್ಲಾಟಿನಂ

ಪ್ಲಾಟಿನಂ ಅರ್ಧ ಕ್ರಿಯೆ ಎಲ್ಲಿ ಬರೀಬೇಕು?

ಚಳ್ಳಕೆರೆ, ಬಿಎಸ್ಸಿ

ಎಲ್ಲೂ ಬರೀಬೇಡ. ಪ್ಲಾಟಿನಂ ಕರಗಲ್ಲ, ಕೂರಲ್ಲ, ಎಲೆಕ್ಟ್ರಾನ್ ದಾಟೋಕೆ ಕಟ್ಟೆ ಅಷ್ಟೇ. ಬಲಗಡೆ ಎರಡೂ ಅಯಾನ್ ಒಂದೇ ದ್ರಾವಣದಲ್ಲಿವೆ, ಲೋಹ ಇಲ್ಲ. ತಂತಿ ಕಟ್ಟೋಕೆ ಏನಾದ್ರೂ ಬೇಕಲ್ಲ, ಅದಕ್ಕೆ ಪ್ಲಾಟಿನಂ. ಅಲ್ಪವಿರಾಮ ನೋಡು, ಗೆರೆ ಅಲ್ಲ. ಒಂದೇ ದ್ರಾವಣದಲ್ಲಿ ಜೊತೆಗಿವೆ ಅಂತ ಅದರರ್ಥ.

ಬಲ: ಕಬ್ಬಿಣ³⁺ + 1 ಎಲೆಕ್ಟ್ರಾನ್ → ಕಬ್ಬಿಣ²⁺ (+0.77)
ಎಡ: ಕಾಪರ್ → ಕಾಪರ್²⁺ + 2 ಎಲೆಕ್ಟ್ರಾನ್ (ಪಟ್ಟಿಯಲ್ಲಿ +0.34)

0.77 – 0.34 = 0.43 ವೋಲ್ಟ್. ಹೈಡ್ರೋಜನ್ ಎಲೆಕ್ಟ್ರೋಡಲ್ಲೂ ಪ್ಲಾಟಿನಂ ಇದೇ ಕಾರಣಕ್ಕೆ ಇರೋದು, ಅನಿಲಕ್ಕೆ ತಂತಿ ಕಟ್ಟಕ್ಕಾಗಲ್ಲ.

ಹೊಸದುರ್ಗ, ಸಿಇಟಿ ತಯಾರಿ

ತಡೀರಿ. ಎಡಗಡೆ 2 ಎಲೆಕ್ಟ್ರಾನ್, ಬಲಗಡೆ 1. ಸರಿದೂಗಿಸೋಕೆ ಕಬ್ಬಿಣದ್ದನ್ನ 2ರಿಂದ ಗುಣಿಸ್ಬೇಕು. ಹಾಗಿದ್ರೆ 0.77 ಕೂಡ 1.54 ಆಗ್ಬೇಕಲ್ವಾ?

ದುರ್ಗದ ಕೆಮಿಸ್ಟ್ರಿ ಮೇಷ್ಟ್ರು

ಬಹಳ ಒಳ್ಳೆಯ ಪ್ರಶ್ನೆ. ಕ್ರಿಯೆಯನ್ನು ಗುಣಿಸು, ವಿಭವವನ್ನು ಗುಣಿಸಬೇಡ. ನಮ್ಮ ಕೋಟೆ ಹತ್ತಿದ್ದೀಯಾ? ಒಬ್ಬ ಹತ್ತಿದರೂ ಇಬ್ಬರು ಹತ್ತಿದರೂ ಬೆಟ್ಟದ ಎತ್ತರ ಅಷ್ಟೇ, ಒಟ್ಟು ಶ್ರಮ ಮಾತ್ರ ಎರಡರಷ್ಟು. ವೋಲ್ಟ್ ಅನ್ನುವುದು ಎತ್ತರದ ಹಾಗೆ, ಒಂದೊಂದು ಕೂಲಂಬ್ ವಿದ್ಯುದಂಶಕ್ಕೆ ಇಷ್ಟು ಜೂಲ್ ಶಕ್ತಿ ಅನ್ನುವ ಲೆಕ್ಕ. ಶ್ರಮದ ಲೆಕ್ಕವೇ ಗಿಬ್ಸ್ ಶಕ್ತಿ:

ಡೆಲ್ಟಾ ಜಿ = – ಎನ್ × ಎಫ್ × ಇ

ಎನ್ ಅಂದರೆ ದಾಟುವ ಎಲೆಕ್ಟ್ರಾನ್ ಸಂಖ್ಯೆ, ಎಫ್ ಅಂದರೆ ಫ್ಯಾರಡೆ ಸ್ಥಿರಾಂಕ. ಡೇನಿಯಲ್ ಸೆಲ್ಲಿಗೆ –2 × 96,500 × 1.10 = –2,12,300 ಜೂಲ್, ಅಂದರೆ –212.3 ಕಿಲೋಜೂಲ್. ಸಮೀಕರಣವನ್ನು ಇಮ್ಮಡಿ ಮಾಡಿದರೆ ಎನ್ 4 ಆಗುತ್ತದೆ, ಡೆಲ್ಟಾ ಜಿ –424.6 ಆಗುತ್ತದೆ. ಇ ಮಾತ್ರ 1.10ರಲ್ಲೇ ನಿಲ್ಲುತ್ತದೆ.

ಅಲ್ಯೂಮಿನಿಯಂ ಮತ್ತು ಕಾಪರ್ ಲೆಕ್ಕದಲ್ಲಿ ಈ ತಪ್ಪು ಎದ್ದು ಕಾಣುತ್ತದೆ. ಅಲ್ಯೂಮಿನಿಯಂ –1.66. ಮೂರು ಎಲೆಕ್ಟ್ರಾನ್ ಒಂದು ಕಡೆ, ಎರಡು ಇನ್ನೊಂದು ಕಡೆ, ಎನ್ ಆರು. ಗುಣಿಸಿಬಿಟ್ಟವರಿಗೆ 4.34 ಬರುತ್ತದೆ. ಸರಿಯಾದದ್ದು 0.34 – (–1.66) = 2.00.

ಚಳ್ಳಕೆರೆ, ಬಿಎಸ್ಸಿ

ಇದಕ್ಕೇ ಸೇರಿಸ್ತೀನಿ. ಎರಡು ಅರ್ಧ ಕ್ರಿಯೆ ಸೇರಿಸಿ ಮೂರನೇ *ಅರ್ಧ ಕ್ರಿಯೆ* ಬೇಕಾದ್ರೆ ಇ ಬೆಲೆಗಳನ್ನ ನೇರ ಕೂಡಿಸೋ ಹಾಗಿಲ್ಲ. ಕಬ್ಬಿಣ³⁺ ಇಂದ ಕಬ್ಬಿಣ²⁺ಗೆ 0.77, ಅಲ್ಲಿಂದ ಕಬ್ಬಿಣಕ್ಕೆ –0.44. ಕೂಡಿಸಿದ್ರೆ 0.33, ಅದು ತಪ್ಪು. ಎಲೆಕ್ಟ್ರಾನ್ ಲೆಕ್ಕ ಹಿಡಿದು (1 × 0.77 + 2 × –0.44) ÷ 3 = –0.04 ವೋಲ್ಟ್. ಪೂರ್ತಿ ಸೆಲ್ಲಲ್ಲಿ ಎಡ ಬಲ ಎರಡಕ್ಕೂ ಎನ್ ಒಂದೇ ಆಗೋದ್ರಿಂದ ಅದು ಹೊಡೆದುಹೋಗುತ್ತೆ, ಬರೀ ಕಳೆದ್ರೆ ಸಾಕಾಗುತ್ತೆ. ಮೊದಲ ಸೆಮಿಸ್ಟರಲ್ಲಿ ಇದು ತಿಳೀದೆ ನಾನು ತುಂಬಾ ಒದ್ದಾಡಿದ್ದೆ.

ಹರಿಹರ, ಬ್ಯಾಟರಿ ಕೆಲಸ

ಇಪ್ಪತ್ತು ವರ್ಷದಿಂದ ಲಾರಿ, ಟ್ರ್ಯಾಕ್ಟರ್ ಬ್ಯಾಟರಿ ನೋಡ್ತಿದೀನಿ. ನಮ್ಮ ಬ್ಯಾಟರಿಗೂ ಈ ತರ ಬರೆಯೋದು ಐತಾ? ಆಸಿಡ್ ಗ್ರಾವಿಟಿ (ನೀರು 1000 ಅಂದ್ರೆ) 1250ರ ಮೇಲಿದ್ರೆ ವೋಲ್ಟ್ ಚೆನ್ನಾಗಿರ್ತತಿ, 1150ಕ್ಕೆ ಇಳಿದ್ರೆ ಬ್ಯಾಟರಿ ಡೌನ್. ಯಾಕೆ ಅಂತ ಯಾರೂ ಹೇಳಿಲ್ಲ.

ದುರ್ಗದ ಕೆಮಿಸ್ಟ್ರಿ ಮೇಷ್ಟ್ರು

ಖಂಡಿತ ಇದೆ ಅಣ್ಣ. ಒಂದು ಪ್ಲೇಟ್ ಸೀಸ, ಇನ್ನೊಂದು ಸೀಸದ ಡಯಾಕ್ಸೈಡ್. ಎರಡೂ ಅದೇ ಆಸಿಡ್ಡಿನಲ್ಲಿ ಮುಳುಗಿರುತ್ತವೆ, ಅದಕ್ಕೆ ಈ ನೊಟೇಶನ್‌ನಲ್ಲಿ ಜೋಡಿ ಗೆರೆ ಬರುವುದೇ ಇಲ್ಲ. ಸೀಸದ ಕಡೆ –0.36, ಡಯಾಕ್ಸೈಡ್ ಕಡೆ +1.69. ಬಲ ಕಳೆ ಎಡ 2.05 ವೋಲ್ಟ್. ಅಂಥ ಆರು ಸೆಲ್ ಸಾಲಾಗಿ ಜೋಡಿಸಿದ್ದೇ ನಿಮ್ಮ 12 ವೋಲ್ಟ್ ಬ್ಯಾಟರಿ.

ಕರೆಂಟು ಕೊಡುವಾಗ ಎರಡೂ ಪ್ಲೇಟು ಸೀಸದ ಸಲ್ಫೇಟ್ ಆಗುತ್ತವೆ. ಆಸಿಡ್ ಖರ್ಚಾಗುತ್ತದೆ, ನೀರು ಹುಟ್ಟುತ್ತದೆ. ದ್ರಾವಣ ತೆಳುವಾಯಿತು, ಗ್ರಾವಿಟಿ ಇಳಿಯಿತು, ಜೊತೆಗೆ ವೋಲ್ಟೂ ಇಳಿಯಿತು. ಸಾಂದ್ರತೆ ಬದಲಾದರೆ ವೋಲ್ಟ್ ಎಷ್ಟು ಬದಲಾಗುತ್ತದೆ ಅಂತ ಹೇಳುವುದೇ ನೆರ್ನ್‌ಸ್ಟ್ ಸಮೀಕರಣ. ನೀವು ಹೈಡ್ರೋಮೀಟರಿನಲ್ಲಿ ನೋಡುತ್ತಿರುವುದರ ಹಿಂದೆ ಇರುವುದು ಅದೇ.

ತಂಗಿ, ನೊಟೇಶನ್‌ನಲ್ಲಿ ಕಂಸದೊಳಗೆ 1 ಎಂ ಬಿಟ್ಟು ಬೇರೆ ಅಂಕಿ ಕಂಡರೆ ನೆರ್ನ್‌ಸ್ಟ್ ಬೇಕು ಅಂತ ತಿಳಿ. ಒಂದು ಮಾಡಿ ತೋರಿಸುತ್ತೇನೆ:

ಜಿಂಕ್ | ಜಿಂಕ್²⁺ (0.1 ಎಂ) || ಬೆಳ್ಳಿ⁺ (0.01 ಎಂ) | ಬೆಳ್ಳಿ

ಪ್ರಮಾಣಿತ ವಿಭವ: 0.80 – (–0.76) = 1.56. ಎಲೆಕ್ಟ್ರಾನ್ ಸರಿದೂಗಿಸು: ಜಿಂಕ್ + 2 ಬೆಳ್ಳಿ⁺ → ಜಿಂಕ್²⁺ + 2 ಬೆಳ್ಳಿ. ಎನ್ 2. ಕ್ಯೂ ಅಂದರೆ ಹುಟ್ಟುವ ಅಯಾನಿನ ಸಾಂದ್ರತೆಯನ್ನು ಖರ್ಚಾಗುವ ಅಯಾನಿನದರಿಂದ ಭಾಗಿಸಿದ್ದು, ಸಮೀಕರಣದ ಗುಣಕವೇ ಘಾತ.

ಕ್ಯೂ = 0.1 ÷ (0.01)² = 1000, ಅದರ ಲಾಗ್ 3.
ಇ = 1.56 – (0.0591 ÷ 2) × 3 = 1.56 – 0.09 = 1.47 ವೋಲ್ಟ್

ಬೆಳ್ಳಿಯ ಮೇಲೆ ವರ್ಗ ಹಾಕುವುದನ್ನು ಮರೆತರೆ ಕ್ಯೂ 10 ಆಗಿ 1.53 ಬರುತ್ತದೆ. ವಿಭವವನ್ನು ಗುಣಿಸಲಿಲ್ಲ ನಿಜ, ಆದರೆ ಆ 2 ಇಲ್ಲಿ ಘಾತವಾಗಿ ಬಂದೇ ಬರುತ್ತದೆ. ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲಿಯೇ. ಅರ್ಧ ಕ್ರಿಯೆಗಳನ್ನು ಬರೆದು ಕೂಡಿಸದೆ ಕ್ಯೂ ಬರೆಯಲೇಬೇಡ.

ದ್ವಿತೀಯ ಪಿಯು, ದಾವಣಗೆರೆ

ಸರ್, ಇದನ್ನ ಕೈಯಲ್ಲಿ ಮಾಡಿ ನೋಡ್ಬೇಕು ಅನ್ಸಿದೆ. ಕಾಲೇಜು ಲ್ಯಾಬಲ್ಲಿ ಈ ಪ್ರಯೋಗ ಇನ್ನೂ ಬಂದಿಲ್ಲ. ಮನೇಲಿ ಆಗುತ್ತಾ? ಅಣ್ಣನ ಹತ್ರ ಮಲ್ಟಿಮೀಟರ್ ಇದೆ.

ಚನ್ನಗಿರಿ ಅಡಿಕೆ ತೋಟ

ಆಗ್ತತಿ ಮಗಳೇ. ನಿಂಗೆ ಬೇಕಾದ್ದೆಲ್ಲ ಗೊಬ್ಬರದ ಅಂಗಡೀಲೇ ಸಿಗ್ತತಿ. ಮೈಲುತುತ್ತ ಐತಿ. ಭತ್ತಕ್ಕೆ, ಮೆಕ್ಕೆಜೋಳಕ್ಕೆ ಹಾಕೋ ಜಿಂಕ್ ಸಲ್ಫೇಟ್ ಐತಿ. ಡ್ರಿಪ್ಪಿಗೆ ಬಿಡೋ 13-0-45 ಅಂದ್ರೆ ಪೊಟ್ಯಾಸಿಯಂ ನೈಟ್ರೇಟು. ಅದು ಸೇತುವೆಗೆ ನಡೀತತೇನು ಮೇಷ್ಟ್ರೇ?

ದುರ್ಗದ ಕೆಮಿಸ್ಟ್ರಿ ಮೇಷ್ಟ್ರು

ಚೆನ್ನಾಗಿ ನಡೆಯುತ್ತದೆ. ದೀಪದ ಹತ್ತಿ ಬತ್ತಿಯನ್ನು ದಪ್ಪಗೆ ಹೊಸೆದು 13-0-45 ಕರಗಿಸಿದ ನೀರಿನಲ್ಲಿ ನೆನೆಸಿ, ಒಂದೊಂದು ತುದಿ ಒಂದೊಂದು ಲೋಟದಲ್ಲಿ ಮುಳುಗುವಂತೆ ಇಡು. ನೂರು ಮಿಲಿ ನೀರಿಗೆ ಮೈಲುತುತ್ತ 25 ಗ್ರಾಂ ಹಾಕಿದರೆ ಹೆಚ್ಚುಕಡಿಮೆ 1 ಎಂ. ಜಿಂಕ್ ಸಲ್ಫೇಟ್ ಚೀಲದ ಮೇಲೆ 21 ಶೇಕಡಾ ಜಿಂಕ್ ಅಂತಿದ್ದರೆ 29 ಗ್ರಾಂ, 33 ಅಂತಿದ್ದರೆ 18 ಗ್ರಾಂ. ಕಾಪರ್‌ಗೆ ವೈರಿಂಗ್ ತಂತಿ ಸುಲಿದು ಉಪ್ಪುಕಾಗದದಿಂದ ಉಜ್ಜು. ಜಿಂಕ್‌ಗೆ ಜಿಐ ತಗಡಿನ ಪಟ್ಟಿ ಸಾಕು, ಮೇಲಿನ ಲೇಪ ಜಿಂಕೇ. ಕತ್ತರಿಸಿದ ಅಂಚಿನಲ್ಲಿ ಒಳಗಿನ ಕಬ್ಬಿಣ ಕಾಣುತ್ತದೆ, ಅದು ದ್ರಾವಣಕ್ಕೆ ತಾಗದ ಹಾಗೆ ಮೇಣ ಹಚ್ಚು.

ಮೈಲುತುತ್ತ ವಿಷ. ಅಡುಗೆಮನೆಯ ಲೋಟ, ಚಮಚ ಮುಟ್ಟಬೇಡ. ಎಸೆಯುವ ಪ್ಲಾಸ್ಟಿಕ್ ಲೋಟ ತೆಗೆದುಕೋ, ಚಿಕ್ಕ ಮಕ್ಕಳಿದ್ದರೆ ದೂರವಿಡು, ಮುಗಿದ ಮೇಲೆ ಕೈ ಸೋಪಿನಲ್ಲಿ ತೊಳಿ.

ಮಲ್ಟಿಮೀಟರಿನ ಕೆಂಪು ತಂತಿ ಕಾಪರ್‌ಗೆ, ಕಪ್ಪು ಜಿಂಕ್‌ಗೆ. ಜಿಂಕ್ ಲೋಟ ಎಡಗಡೆ ಇರಲಿ, ನೊಟೇಶನ್ ಬರೆದ ಹಾಗೆಯೇ. ಮೀಟರ್ ತೋರಿಸುವುದು ಯಾವಾಗಲೂ ಕೆಂಪು ಕಳೆ ಕಪ್ಪು. ಅಂದರೆ ಬಲ ಕಳೆ ಎಡ ಅನ್ನುವ ಸೂತ್ರವನ್ನು ಮೀಟರೇ ಮಾಡಿಕೊಡುತ್ತದೆ. ನೀನು ಚಿಹ್ನೆ ತಿರುಗಿಸುವ ಮಾತೇ ಇಲ್ಲ.

ಹೋಗುವ ಮೊದಲು ಒಂದು ಲೆಕ್ಕ: ನಿಕಲ್ | ನಿಕಲ್²⁺ (1 ಎಂ) || ಬೆಳ್ಳಿ⁺ (1 ಎಂ) | ಬೆಳ್ಳಿ. ನಿಕಲ್ –0.25. ಇನ್ನೊಂದು ಪ್ರಶ್ನೆ: ಈ ಸೆಲ್ಲಿನ ಸೇತುವೆಗೆ ಪೊಟ್ಯಾಸಿಯಂ ಕ್ಲೋರೈಡ್ ಯಾಕೆ ಹಾಕಬಾರದು?

ದ್ವಿತೀಯ ಪಿಯು, ದಾವಣಗೆರೆ

ಮಾಡಿದೆ ಸರ್! ಭಾನುವಾರ ಮಧ್ಯಾಹ್ನ ಮಹಡಿ ಮೇಲೆ. ಒಂದು ಲೋಟ ನೀಲಿ, ಒಂದು ನೀರಿನ ಬಣ್ಣ, ನಡುವೆ ಬತ್ತಿ. ತಂತಿ ತಾಗಿಸಿದ ತಕ್ಷಣ 1.03 ತೋರಿಸ್ತು. ಅಣ್ಣ ಬತ್ತಿ ಒಂದು ತುದಿ ಮೇಲೆತ್ತಿದ, ಅಂಕಿ ಕುಣಿದು ಕುಣಿದು ಕೆಳಗೆ ಹೋಯ್ತು. ಮತ್ತೆ ಬಿಟ್ಟ, 1.03. ಆ ಜೋಡಿ ಗೆರೆ ಅಂದ್ರೆ ಏನು ಅಂತ ಆವಾಗ ಗೊತ್ತಾಯ್ತು. ಕೆಂಪು ಕಪ್ಪು ಅದಲು ಬದಲು ಮಾಡಿದೆ, –1.03. ನೋಟ್ಸಲ್ಲಿ ಅದರ ನೊಟೇಶನ್ ತಿರುಗಿಸಿ ಬರೆದು ಪಕ್ಕದಲ್ಲಿ ಮೈನಸ್ ಹಾಕಿದೀನಿ.

ನಿಮ್ಮ ಲೆಕ್ಕ:
ಎಡ: ನಿಕಲ್ → ನಿಕಲ್²⁺ + 2 ಎಲೆಕ್ಟ್ರಾನ್
ಬಲ: 2 ಬೆಳ್ಳಿ⁺ + 2 ಎಲೆಕ್ಟ್ರಾನ್ → 2 ಬೆಳ್ಳಿ
0.80 – (–0.25) = 1.05 ವೋಲ್ಟ್. 0.80ನ ಗುಣಿಸಿಲ್ಲ.
ಕ್ಲೋರೈಡ್ ಹಾಕಿದ್ರೆ ಬೆಳ್ಳಿ ಅಯಾನ್ ಜೊತೆ ಸೇರಿ ಬಿಳೀ ಸಿಲ್ವರ್ ಕ್ಲೋರೈಡ್ ಆಗಿ ಕೂತ್ಬಿಡುತ್ತೆ. ಸರಿನಾ?

ಒಂದೇ ಬೇಜಾರು. 1.10 ಬರಲಿಲ್ಲ. ನೀರು ಅಳತೆ ಮಾಡುವಾಗ ಸ್ವಲ್ಪ ಹೆಚ್ಚುಕಡಿಮೆ ಆಗಿತ್ತು, ಅದಕ್ಕಾ?

ದುರ್ಗದ ಕೆಮಿಸ್ಟ್ರಿ ಮೇಷ್ಟ್ರು

ಎರಡೂ ಸರಿ. ತುಂಬಾ ಸಂತೋಷವಾಯಿತು.

ಬೇಜಾರು ಬೇಡ, ಅಳತೆ ಕಾರಣವಲ್ಲ. ನೆರ್ನ್‌ಸ್ಟ್‌ನಲ್ಲಿ ಹಾಕಿ ನೋಡು: ಒಂದು ಕಡೆಯ ಸಾಂದ್ರತೆ ಇನ್ನೊಂದರ ಹತ್ತು ಪಟ್ಟು ಆದರೂ ವ್ಯತ್ಯಾಸ 0.03 ವೋಲ್ಟ್ ಮಾತ್ರ. ಎರಡೂ ಕಡೆ ಸಮ ಇದ್ದರೆ, 1 ಎಂ ಇರಲಿ 0.1 ಎಂ ಇರಲಿ, ಲಾಗ್ ಭಾಗ ಸೊನ್ನೆ. ನಿನ್ನ 0.07 ಹೋಗಿರುವುದು ಬಹುಶಃ ಜಿಐ ತಗಡಿನ ಮೇಲಿನ ಆಕ್ಸೈಡ್ ಪೊರೆಗೆ, ಒಳಗಿನ ಕಬ್ಬಿಣಕ್ಕೆ. ಜಿಂಕ್ ಪಟ್ಟಿಯನ್ನು ಹಗುರವಾಗಿ ಉಜ್ಜಿ ಇನ್ನೊಮ್ಮೆ ನೋಡು.

ದ್ವಿತೀಯ ಪಿಯು, ದಾವಣಗೆರೆ

ಉಜ್ಜಿ ನೋಡಿದೆ ಸರ್. 1.07!

ಉಳಿದ ನೀಲಿ ನೀರು ಏನು ಮಾಡ್ಲಿ? ಚರಂಡಿಗೆ ಸುರಿಯೋಕೆ ಮನಸ್ಸಿಲ್ಲ.

ಚನ್ನಗಿರಿ ಅಡಿಕೆ ತೋಟ

ಚರಂಡಿಗೆ ಬ್ಯಾಡ ಮಗಳೇ, ದನ ನೀರು ಕುಡಿಯೋ ಕಡೀಗೂ ಬ್ಯಾಡ. ಒಂದು ಹಿಡಿ ಸುಣ್ಣ ಕಲಸು, ಕೈಗೆ ತಾಗಿಸ್ಕೋಬ್ಯಾಡ. ಒಂದು ಹಳೇ ಕಬ್ಬಿಣದ ಮೊಳೆ ತಿಕ್ಕಿ ಅದ್ದಿ ನೋಡು, ಕೆಂಪಾದ್ರೆ ಇನ್ನೊಂದಿಷ್ಟು ಸುಣ್ಣ ಹಾಕು. ಮೊಳೆ ಬೆಳ್ಳಗೆ ಉಳಿದ ಮೇಲೆ ಬಾಟ್ಲಿಗೆ ಹಾಕಿ ಮುಚ್ಚಳ ಬಿಗಿ, ಮೇಲೆ ಮೈಲುತುತ್ತ ಅಂತ ದೊಡ್ಡದಾಗಿ ಬರಿ. ಈ ಕಡೆ ಬಂದಾಗ ತಗೊಂಬಾ, ಬೋರ್ಡೋ ಡ್ರಮ್ಮಿಗೆ ಹಾಕೋಣಂತೆ.